ಗೇರ್ ಇಲ್ಲದ ಸಣ್ಣ ಲೇತ್‌ಗೆ ಥ್ರೆಡ್ ಕಟಿಂಗ್ ಜೋಡಣೆ: ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ?

ಪುಟ್ಟಲೇತ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಬೆಂಚ್ ಮೇಲಿಡುವ ಸಣ್ಣ ಲೇತ್ (ಲೋಹದ ತುಂಡು ತಿರುಗಿಸಿ ಕೆತ್ತುವ ಯಂತ್ರ) ಇದೆ. ಸೆಂಟರ್ ಎತ್ತರ 90 ಮಿಮೀ, ಸೆಂಟರ್‌ಗಳ ನಡುವೆ 300 ಮಿಮೀ. ಲೀಡ್ ಸ್ಕ್ರೂ ಇದ್ದರೂ ಅದು ಬಲತುದಿಯ ಹ್ಯಾಂಡ್‌ವೀಲ್‌ನಿಂದ ಕ್ಯಾರೇಜ್ (ಟೂಲ್ ಹೊತ್ತ ಭಾಗ) ಓಡಿಸುವುದಕ್ಕಷ್ಟೇ. ಸ್ಪಿಂಡಲ್‌ಗೂ (ಜಾಬ್ ಹಿಡಿದು ತಿರುಗುವ ಶಾಫ್ಟ್) ಅದಕ್ಕೂ ಗೇರ್ ಸಂಪರ್ಕ ಇಲ್ಲ. ಅದನ್ನು ನಾನೇ ಮಾಡಿಕೊಳ್ಳಬೇಕೆಂದಿದ್ದೇನೆ. ಅಳತೆಗಳು ಹೀಗಿವೆ:

ಲೀಡ್ ಸ್ಕ್ರೂ ಪಿಚ್ (ಒಂದು ಸುತ್ತಿಗೆ ಸಾಗುವ ದೂರ) 2 ಮಿಮೀ. ಹಾಫ್ ನಟ್ (ತೆರೆದು ಲೀಡ್ ಸ್ಕ್ರೂನಿಂದ ಬಿಡಿಸಬಹುದಾದ ಎರಡು ಹೋಳಿನ ನಟ್) ಇಲ್ಲ, ಏಪ್ರನ್‌ನಲ್ಲಿ (ಕ್ಯಾರೇಜ್‌ನ ಮುಂಬದಿ) ಇಡಿಯಾದ ಕಂಚಿನ ನಟ್ ಇದೆ. ಹ್ಯಾಂಡ್‌ವೀಲನ್ನು ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಕ್ಯಾರೇಜ್ ಹೆಡ್‌ಸ್ಟಾಕ್ (ಸ್ಪಿಂಡಲ್ ಇರುವ ಎಡಭಾಗ) ಕಡೆಗೆ ಹೋಗುತ್ತದೆ. ಎಡತುದಿಯಲ್ಲಿ ಲೀಡ್ ಸ್ಕ್ರೂ ಶಾಫ್ಟ್ 12 ಮಿಮೀ ದಪ್ಪ, ಬ್ರಾಕೆಟ್‌ನಿಂದ 25 ಮಿಮೀ ಹೊರಗೆ ಬಂದಿದೆ, ತುದಿಯಲ್ಲಿ ಎಂ6 ಟ್ಯಾಪ್ ಮಾಡಿದ ರಂಧ್ರ. ಸ್ಪಿಂಡಲ್ ಬೋರ್ ಉದ್ದಕ್ಕೂ 20 ಮಿಮೀ. ಸ್ಪಿಂಡಲ್ ಸೆಂಟರ್‌ನಿಂದ ಲೀಡ್ ಸ್ಕ್ರೂ ಸೆಂಟರ್‌ಗೆ 110 ಮಿಮೀ. ಮೋಟಾರ್‌ನ ಕಡಿಮೆ ವೇಗ ನಿಮಿಷಕ್ಕೆ 180 ಸುತ್ತು, ರಿವರ್ಸ್ ಇಲ್ಲ.

ಬೇಕಾದ ಥ್ರೆಡ್‌ಗಳು: ಎಂ12×1.5 (12 ಮಿಮೀ ವ್ಯಾಸ, 1.5 ಮಿಮೀ ಪಿಚ್), ಎಂ20×1, ಮಾಮೂಲಿ 1.25 ಮತ್ತು 1.75 ಪಿಚ್, ಜೊತೆಗೆ ಕ್ಯಾಮೆರಾ ಸ್ಟ್ಯಾಂಡ್‌ನ ಕಾಲಿಂಚು 20 ಟಿಪಿಐ (ಇಂಚಿಗೆ 20 ಥ್ರೆಡ್).

ಪ್ರಶ್ನೆಗಳು ನಾಲ್ಕು. ಯಾವ ಮಾಡ್ಯೂಲ್ (ಗೇರ್ ಹಲ್ಲಿನ ಗಾತ್ರ), ಎಷ್ಟು ಹಲ್ಲಿನ ಗೇರ್‌ಗಳು ಬೇಕು? ಇಂಚು ಥ್ರೆಡ್‌ಗೆ 127 ಹಲ್ಲಿನ ಗೇರ್ ಇಲ್ಲದೆ ಆಗುವುದೇ ಇಲ್ಲವೇ? ಸ್ಪಿಂಡಲ್‌ನ ಹಿಂತುದಿಗೆ ಗೇರ್ ಹಿಡಿಸುವುದು ಹೇಗೆ? ಹಾಫ್ ನಟ್ ಇಲ್ಲದೆ ಪ್ರತಿ ಕಟ್ ಆದ ಮೇಲೆ ಟೂಲ್ ವಾಪಸ್ ತರುವುದು ಹೇಗೆ?

ಹಲ್ಲುಲೆಕ್ಕ

ಮೊದಲು ಕೊನೆಯ ಪ್ರಶ್ನೆ ತೆಗೆದುಕೊಳ್ಳೋಣ, ಉಳಿದ ವಿನ್ಯಾಸವೆಲ್ಲ ಅದರ ಮೇಲೆ ನಿಂತಿದೆ. ಹಾಫ್ ನಟ್ ಇಲ್ಲದಿರುವುದು ಇಲ್ಲಿ ಅನುಕೂಲವೇ. ಸ್ಪಿಂಡಲನ್ನು ಕೈಹಿಡಿಕೆಯಿಂದ ತಿರುಗಿಸಿ ಥ್ರೆಡ್ ಹಾಕಿ. ಕಟ್ ಮುಗಿದ ಕೂಡಲೇ ಕ್ರಾಸ್ ಸ್ಲೈಡ್ (ಟೂಲನ್ನು ಜಾಬ್‌ಗೆ ಅಡ್ಡಲಾಗಿ ಸರಿಸುವ ಭಾಗ) ಹಿಂದಕ್ಕೆಳೆದು, ಹಿಡಿಕೆಯನ್ನು ಉಲ್ಟಾ ತಿರುಗಿಸಿ ವಾಪಸ್ ಬನ್ನಿ. ಗೇರ್ ಎಲ್ಲೂ ಬಿಚ್ಚುವುದಿಲ್ಲವಾದ್ದರಿಂದ ಟೂಲ್ ಪ್ರತಿ ಸಲ ಅದೇ ಗಾಡಿಗೆ (ಕೊರೆದ ತೋಡಿಗೆ) ಇಳಿಯುತ್ತದೆ. ಥ್ರೆಡ್ ಡಯಲ್ (ಹಾಫ್ ನಟ್ ಯಾವಾಗ ಕೂಡಿಸಬೇಕೆಂದು ತೋರಿಸುವ ಡಯಲ್) ಬೇಡ, ಮೋಟಾರ್‌ಗೆ ರಿವರ್ಸ್ ಬೇಡ. 180 ಸುತ್ತಿನಲ್ಲಿ 1.5 ಪಿಚ್ ಹಾಕಿದರೆ ಕ್ಯಾರೇಜ್ ಸೆಕೆಂಡಿಗೆ 4.5 ಮಿಮೀ ಓಡುತ್ತದೆ. ಶೋಲ್ಡರ್ ಹತ್ತಿರ ಅಷ್ಟು ವೇಗದಲ್ಲಿ ಕೈ ಸಾಲುವುದಿಲ್ಲ. ಹಾಗಾಗಿ ಈ ಲೇತ್‌ನಲ್ಲಿ ಮೋಟಾರ್‌ನಿಂದ ಥ್ರೆಡ್ ಹಾಕುವ ಯೋಚನೆಯನ್ನೇ ಬಿಡಿ.

ಎರಡನೆಯದು ನೀವು ಕೇಳದ್ದು. ಹ್ಯಾಂಡ್‌ವೀಲ್ ಗಡಿಯಾರದ ದಿಕ್ಕಿಗೆ ತಿರುಗಿದಾಗ ಕ್ಯಾರೇಜ್ ಹೆಡ್‌ಸ್ಟಾಕ್ ಕಡೆ ಹೋಗುತ್ತದೆ ಅಂದರೆ ನಿಮ್ಮ ಲೀಡ್ ಸ್ಕ್ರೂ ಎಡ ಥ್ರೆಡ್‌ನದು. ಸಣ್ಣ ಲೇತ್‌ಗಳಲ್ಲಿ ಇದು ಮಾಮೂಲು. ಬಲ ಥ್ರೆಡ್ ಲೀಡ್ ಸ್ಕ್ರೂ ಆಗಿದ್ದರೆ ಅದು ಸ್ಪಿಂಡಲ್ ತಿರುಗುವ ದಿಕ್ಕಿಗೇ ತಿರುಗಬೇಕಿತ್ತು, ಸ್ಪಿಂಡಲ್‌ನಿಂದ ಲೀಡ್ ಸ್ಕ್ರೂವರೆಗೆ ಎರಡು ಕಡೆ ಹಲ್ಲು ಕೂಡಿದರೆ ಸಾಕಿತ್ತು. ನಿಮ್ಮದು ಎದುರು ದಿಕ್ಕಿಗೆ ತಿರುಗಬೇಕು, ಅಂದರೆ ಹಲ್ಲು ಕೂಡುವ ಜಾಗಗಳು ಒಂದು ಅಥವಾ ಮೂರು ಇರಬೇಕು. 110 ಮಿಮೀ ದೂರವನ್ನು ಎರಡೇ ಗೇರ್‌ನಿಂದ ತುಂಬಿಸುವುದು ಕಷ್ಟ, ಆದ್ದರಿಂದ ಮೂರು. ಇದಕ್ಕೆ ಬ್ಯಾಂಜೊ ಪ್ಲೇಟ್ (ನಡುವಿನ ಗೇರ್‌ಗಳನ್ನು ಹೊರುವ, ಸರಿಸಿ ಹೊಂದಿಸಬಹುದಾದ ಪ್ಲೇಟ್) ಮೇಲೆ ಎರಡು ಸ್ಟಡ್ (ಗೇರ್ ತಿರುಗುವ ಗೂಟ) ಬೇಕು. ಒಂದೇ ಸ್ಟಡ್ ಇಟ್ಟು ಮಾಡಿದರೆ ಸಿಗುವುದೆಲ್ಲ ಎಡ ಥ್ರೆಡ್. ಮುಂದೆಂದಾದರೂ ಎಡ ಥ್ರೆಡ್ ಬೇಕಾದರೆ ಒಂದು ಐಡ್ಲರ್ (ನಡುವಿನ ಗೇರ್) ತೆಗೆದರಾಯಿತು.

ಲೆಕ್ಕ ಸರಳ: ಡ್ರೈವರ್ (ತಿರುಗಿಸುವ) ಗೇರ್‌ಗಳ ಹಲ್ಲಿನ ಗುಣಲಬ್ಧವನ್ನು ಡ್ರಿವನ್ (ತಿರುಗುವ) ಗೇರ್‌ಗಳ ಗುಣಲಬ್ಧದಿಂದ ಭಾಗಿಸಿದರೆ, ಬೇಕಾದ ಪಿಚ್ ಭಾಗಿಸು ಲೀಡ್ ಸ್ಕ್ರೂ ಪಿಚ್ ಬರಬೇಕು. ಐಡ್ಲರ್‌ನ ಹಲ್ಲು ಲೆಕ್ಕಕ್ಕೆ ಬರುವುದಿಲ್ಲ, ಅದು ದೂರ ತುಂಬಲು ಮತ್ತು ದಿಕ್ಕು ಬದಲಿಸಲು ಮಾತ್ರ.

ಮಾಡ್ಯೂಲ್ 1, ಹಲ್ಲಿನ ಅಗಲ 8 ಮಿಮೀ, ಒಂಬತ್ತು ಗೇರ್ ಸಾಕು: 25, 30, 35, 40, 45, 50, 60, 63, 80. ಮೊದಲ ಸಂಖ್ಯೆ ಸ್ಪಿಂಡಲ್ ಗೇರ್, ಎರಡನೆಯದು ಲೀಡ್ ಸ್ಕ್ರೂ ಗೇರ್ ಎಂದುಕೊಂಡರೆ:

1.75 ಪಿಚ್: 35/40, ಐಡ್ಲರ್ 30 ಮತ್ತು 45
1.5 ಪಿಚ್: 45/60, ಐಡ್ಲರ್ 25 ಮತ್ತು 35
1.25 ಪಿಚ್: 50/80, ಐಡ್ಲರ್ 25 ಮತ್ತು 30
1.0 ಪಿಚ್: 30/60, ಐಡ್ಲರ್ 35 ಮತ್ತು 40
0.75 ಪಿಚ್: 30/80, ಐಡ್ಲರ್ 25 ಮತ್ತು 35
20 ಟಿಪಿಐ: 40/63, ಐಡ್ಲರ್ 30 ಮತ್ತು 35
16 ಟಿಪಿಐ: 50/63, ಐಡ್ಲರ್ 25 ಮತ್ತು 30

ಇವೆಲ್ಲವೂ ನಿಮ್ಮ 110 ಮಿಮೀ ಅಂತರಕ್ಕೆ ಕೂರುತ್ತವೆ. 80 ಹಲ್ಲಿನದರ ಹೊರವ್ಯಾಸ 82 ಮಿಮೀ, ಲೀಡ್ ಸ್ಕ್ರೂ ಸೆಂಟರ್ ಬೆಂಚ್‌ನಿಂದ 45 ಮಿಮೀ ಆದರೂ ಮೇಲಿದೆಯೇ ನೋಡಿ. ಇಲ್ಲದಿದ್ದರೆ ಲೇತ್ ಕಾಲಿಗೆ ಪ್ಯಾಕಿಂಗ್ ಕೊಡಿ.

127ರ ವಿಚಾರ: ಬೇಡವೇ ಬೇಡ. 20 ಟಿಪಿಐ ಅಂದರೆ 1.27 ಮಿಮೀ ಪಿಚ್. 40/63 ಇಟ್ಟರೆ ಬರುವುದು 1.26984. ಒಂದು ಮೀಟರ್ ಉದ್ದಕ್ಕೆ ವ್ಯತ್ಯಾಸ 0.125 ಮಿಮೀ, 25 ಮಿಮೀ ಉದ್ದದ ಥ್ರೆಡ್‌ನಲ್ಲಿ 0.003. ಲೀಡ್ ಸ್ಕ್ರೂದೇ ತಪ್ಪು ಇದಕ್ಕಿಂತ ಹೆಚ್ಚಿರುತ್ತದೆ. 127 ಹಲ್ಲಿನ ಗೇರ್ ಮಾಡ್ಯೂಲ್ 1ರಲ್ಲಿ 129 ಮಿಮೀ ಅಗಲ, ನಿಮ್ಮ ಹೆಡ್‌ಸ್ಟಾಕ್ ಪಕ್ಕ ಹಿಡಿಯುವುದೂ ಅನುಮಾನ.

0.5 ಪಿಚ್ ಮತ್ತು 24 ಟಿಪಿಐಗೆ ಕಾಂಪೌಂಡ್ ಗೇರ್ ಬೇಕು, ಅಂದರೆ ಒಂದೇ ಸ್ಟಡ್ ಮೇಲೆ ಎರಡು ಗೇರ್ ಒಟ್ಟಿಗೆ. 24 ಟಿಪಿಐಗೆ ಸ್ಪಿಂಡಲ್ 40, ಅದು 63ಕ್ಕೆ, 63ರ ಜೊತೆಗೆ 50, ಅದು ಐಡ್ಲರ್‌ಗೆ, ಕೊನೆಗೆ 60. ಇಲ್ಲಿ ಐಡ್ಲರ್ 30 ಹಾಕಿದರೆ ಸ್ಟಡ್‌ಗಳ ನಡುವೆ 40 ಮಿಮೀ ಮಾತ್ರ ಉಳಿದು, 63ರ ಅಂಚು ಪಕ್ಕದ ಸ್ಟಡ್‌ನ ವಾಷರ್‌ಗೆ ತಾಗುತ್ತದೆ. 35 ಹಾಕಿ. 0.5ಕ್ಕೆ 30 ರಿಂದ 50, ಅದರ ಜೊತೆಗೆ 25, ಐಡ್ಲರ್ 45, ಕೊನೆಗೆ 60.

20 ಹಲ್ಲಿನ ಗೇರ್ ಬೇಕೆಂದೇ ಬಿಟ್ಟಿದ್ದೇನೆ. ಅದರ ಹಲ್ಲಿನ ಬುಡದ ವ್ಯಾಸ 17.5 ಮಿಮೀ. 12 ಮಿಮೀ ಬೋರ್ ಹೋದರೆ ಕೀ ಅಥವಾ ಪಿನ್‌ಗೆ ಜಾಗವೇ ಉಳಿಯದು.

ಹಿಡಿಸುವ ರೀತಿ: ಕೀವೇ ಕೊರೆಯುವ ತಲೆನೋವು ಬೇಡ. ಎಲ್ಲ ಗೇರ್‌ಗೂ 12 ಮಿಮೀ ಬೋರ್, 17 ಮಿಮೀ ಪಿಸಿಡಿ (ರಂಧ್ರಗಳ ಸೆಂಟರ್ ಬೀಳುವ ವೃತ್ತದ ವ್ಯಾಸ) ಮೇಲೆ ಎದುರುಬದುರಾಗಿ 3 ಮಿಮೀ ರಂಧ್ರ ಎರಡು. ಒಂದೇ ಜಿಗ್ ಇಟ್ಟು ಎಲ್ಲದಕ್ಕೂ ಹೊಡೆಯಿರಿ. ಲೀಡ್ ಸ್ಕ್ರೂ ಶಾಫ್ಟ್ ಮೇಲೆ 22 ಮಿಮೀ ವ್ಯಾಸ, 7 ಮಿಮೀ ದಪ್ಪದ ಕಾಲರ್, ಅದರಿಂದ 12 ಮಿಮೀ ಹೊರಚಾಚಿದ ಎರಡು 3 ಮಿಮೀ ಡೋವೆಲ್ ಪಿನ್. ಕಾಲರ್ ಶಾಫ್ಟ್ ಮೇಲೆ ಜಾರಬಾರದು, ಶಾಫ್ಟ್‌ಗೆ ಚಿಕ್ಕ ಗುಳಿ ಕೊರೆದು ಗ್ರಬ್ ಸ್ಕ್ರೂ ಅದರೊಳಗೆ ಕೂರಲಿ. ಅದೇ ರಂಧ್ರಗಳಿರುವ 8 ಮಿಮೀ ಸ್ಪೇಸರ್ ಒಂದು ಮಾಡಿಕೊಂಡರೆ ಗೇರನ್ನು ಒಳಸಾಲಿಗೂ ಹೊರಸಾಲಿಗೂ ಕೂರಿಸಬಹುದು. 7 ಮತ್ತು 16 ಸೇರಿ 23, ನಿಮ್ಮ 25 ಮಿಮೀ ಒಳಗೇ ಬಂತು. ತುದಿಗೆ ಒಂದು ಸ್ಪೇಸರ್ ವಾಷರ್, ಎಂ6 ಬೋಲ್ಟ್.

ಬ್ಯಾಂಜೊಪ್ಲೇಟ್

ಹಲ್ಲುಲೆಕ್ಕ ಅವರ ಲೆಕ್ಕಕ್ಕೆ ಸೇರಿಸಬೇಕಾದ್ದು ಕಟ್ಟುವ ಕೆಲಸ. ಗೇರ್ ಸಿಕ್ಕಿಬಿಡುತ್ತದೆ. ಈ ಜೋಡಣೆ ಹಾಳಾಗುವುದು ಮೂರು ಕಡೆ: ಸ್ಪಿಂಡಲ್‌ನ ಪ್ಲಗ್ ಜಾರುವುದು, ಬ್ಯಾಂಜೊ ಬಾಗುವುದು, ಸ್ಟಡ್ ಓರೆಯಾಗುವುದು.

ಸ್ಪಿಂಡಲ್ ಪ್ಲಗ್ (ಸ್ಪಿಂಡಲ್‌ನ ಹಿಂತುದಿಯ ಬೋರ್ ಒಳಗೆ ಕೂತು ಗೇರ್ ಹೊರುವ ತುಂಡು): ಎಂಎಸ್ (ಮೈಲ್ಡ್ ಸ್ಟೀಲ್) ರಾಡ್‌ನಿಂದ ಒಂದೇ ತುಂಡಾಗಿ ಟರ್ನ್ ಮಾಡಿ. ಬೋರ್ ಒಳಗೆ ಹೋಗುವ ಭಾಗ 40 ಮಿಮೀ ಉದ್ದ, 20 ಮಿಮೀ ಬೋರ್‌ಗೆ ಕೈಯಲ್ಲಿ ಜಾರುವಷ್ಟು ಸರಿಯಾಗಿ, ಅಂದರೆ 19.95ರ ಆಸುಪಾಸು. 19.7ಕ್ಕೆ ಇಳಿಸಿದರೆ ಹಿಗ್ಗಿದಾಗ ತುದಿ ಮಾತ್ರ ಹಿಡಿಯುತ್ತದೆ, ಗೇರ್ ಓಲಾಡುತ್ತದೆ. ಆಮೇಲೆ 26 ಮಿಮೀ ಕಾಲರ್, ಅದಕ್ಕೆ ಎರಡು ಪಿನ್. ನಂತರ 12 ಮಿಮೀ ಶಾಫ್ಟ್: ಎರಡು ಗೇರ್ ಅಗಲ ಮತ್ತು ಹಿಡಿಕೆಯ ಬಾಸ್ ಸೇರಿ 45 ಮಿಮೀ. ನಡುವೆ ಉದ್ದಕ್ಕೂ 6.2 ಮಿಮೀ ರಂಧ್ರ. ಒಳತುದಿಯಲ್ಲಿ ಒಟ್ಟು 30 ಡಿಗ್ರಿಯ ಟೇಪರ್ ಬೋರ್ ಮಾಡಿ, ಅದೇ ಕೋನದ ಕೋನ್ ನಟ್ ಎಂ6 ಬೋಲ್ಟ್‌ನಿಂದ ಎಳೆಯುವಂತೆ. ಕೋನ 15 ಡಿಗ್ರಿಗೆ ಇಳಿದರೆ ಕೋನ್ ಕಚ್ಚಿಕೊಂಡು ಬಿಡುವುದಿಲ್ಲ, ತೆಗೆಯಲು ಸ್ಪಿಂಡಲ್ ಒಳಗಿಂದ ಬಡಿಯಬೇಕಾಗುತ್ತದೆ. ಗರಗಸದಿಂದ ಉದ್ದಕ್ಕೆ ನಾಲ್ಕು ಸೀಳು, 30 ಮಿಮೀ ಉದ್ದ, ಸೀಳಿನ ಬುಡದಲ್ಲಿ ಮೊದಲೇ 4 ಮಿಮೀ ರಂಧ್ರ ಹೊಡೆದಿರಲಿ. ಸೀಳುವ ಕೆಲಸ ಟರ್ನಿಂಗ್ ಎಲ್ಲ ಮುಗಿದ ಮೇಲೆ. ಕೂರಿಸುವಾಗ ಬೋರ್‌ನಲ್ಲಿ ಎಣ್ಣೆ ಪಸೆ ಇರಬಾರದು.

ಹಿಡಿಕೆ: 100 ರಿಂದ 120 ಮಿಮೀ ತೋಳು. ಬಾಸ್ ಸೀಳಿ ಎಂ6 ಬೋಲ್ಟ್‌ನಿಂದ ಬಿಗಿಯುವ ತರಹ ಮಾಡಿ. ಗ್ರಬ್ ಸ್ಕ್ರೂ ಒಂದನ್ನೇ ನಂಬಬೇಡಿ. ಕೈಯಲ್ಲಿ ಹಿಡಿಯುವ ಭಾಗ ತನ್ನಷ್ಟಕ್ಕೆ ತಿರುಗಬೇಕು.

ಹಿಡಿಕೆ ಇರುವಾಗ ಮೋಟಾರ್ ಸ್ಟಾರ್ಟ್ ಆದರೆ ಅದು ಕೈ ಮುರಿಯುತ್ತದೆ ಅಥವಾ ಕಳಚಿ ಹಾರುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಿ, ಬೆಲ್ಟ್ ಕೂಡ ಇಳಿಸಿ. ಬೆಲ್ಟ್ ಇಳಿಸಿದರೆ ಹಿಡಿಕೆ ತಿರುಗಿಸುವುದೂ ಹಗುರ, ಕಟ್ ಎಷ್ಟು ಎಳೆಯುತ್ತಿದೆ ಎಂಬುದು ಕೈಗೆ ನೇರ ಗೊತ್ತಾಗುತ್ತದೆ.

ಬ್ಯಾಂಜೊ: 10 ಮಿಮೀ ಎಂಎಸ್ ಪ್ಲೇಟ್. 6 ಮಿಮೀ ಸಾಕು ಎನ್ನುವವರಿದ್ದಾರೆ, ಸಾಲದು. ಲೀಡ್ ಸ್ಕ್ರೂ ಬ್ರಾಕೆಟ್‌ನ ಬಾಸ್ ಹೊರಮೈ ದುಂಡಗಿದ್ದರೆ ಅದರ ಸುತ್ತ ತಿರುಗುವಂತೆ ಬೋರ್ ಮಾಡಿ, ಸೀಳಿ, ಎಂ8 ಬೋಲ್ಟ್‌ನಿಂದ ಬಿಗಿಯಿರಿ. ಲೀಡ್ ಸ್ಕ್ರೂ ಸೆಂಟರ್‌ನಿಂದ 30 ಮಿಮೀ ಇಂದ 100 ಮಿಮೀವರೆಗೆ ನೇರವಾದ ಒಂದೇ ಗಾಡಿ (ಸ್ಲಾಟ್), ಅಗಲ 8.2. ಎರಡು ಸ್ಟಡ್‌ಗೂ ಒಂದೇ ಗಾಡಿ ಸಾಕು. ಮೊದಲ ಸ್ಟಡ್ ಜಾರಿಸಿ ಲೀಡ್ ಸ್ಕ್ರೂ ಗೇರ್‌ಗೆ ಕೂಡಿಸಿ ಬಿಗಿಯಿರಿ. ಎರಡನೆಯದನ್ನು ಮೊದಲಿನದಕ್ಕೆ ಕೂಡಿಸಿ. ಕೊನೆಗೆ ಇಡೀ ಬ್ಯಾಂಜೊ ಎತ್ತಿ ಸ್ಪಿಂಡಲ್ ಗೇರ್‌ಗೆ ಕೂಡಿಸಿ ಬಿಗಿಯಿರಿ. ಪ್ರತಿ ಕಡೆ ಹಲ್ಲುಗಳ ನಡುವೆ ಬರೆಯುವ ಕಾಗದದ ಒಂದು ಪಟ್ಟಿ ಇಟ್ಟು ಒತ್ತಿ ಬಿಗಿದು, ತಿರುಗಿಸಿ ಕಾಗದ ಹೊರತೆಗೆಯಿರಿ. ಅದು ಹರಿಯದೆ ಮಡಿಕೆ ಬಿದ್ದು ಬಂದರೆ ಸಡಿಲ ಸರಿ ಇದೆ. ಒಂದು ಇಡೀ ಸುತ್ತು ತಿರುಗಿಸಿ ಎಲ್ಲಾದರೂ ಬಿಗಿಯುತ್ತದೆಯೇ ನೋಡಿ, ಗೇರ್ ಬೋರ್ ಸೆಂಟರ್ ತಪ್ಪಿದ್ದರೆ ಅಲ್ಲಿ ಬಿಗಿಯುತ್ತದೆ. ಬಿಗಿಯುವ ಜಾಗದಲ್ಲೇ ಕಾಗದ ಇಟ್ಟು ಹೊಂದಿಸಿ. ಅಂದಹಾಗೆ ಗೇರ್ 0.1 ಮಿಮೀ ಸೆಂಟರ್ ತಪ್ಪಿದರೆ ಥ್ರೆಡ್ ಹಾಳಾಗುತ್ತದೆ ಎಂದು ಹೆದರಬೇಡಿ. ಲೀಡ್ ಸ್ಕ್ರೂ ಮೇಲಿನ 80 ಹಲ್ಲಿನ ಗೇರ್‌ನಲ್ಲಿ ಅಷ್ಟು ತಪ್ಪಿದ್ದರೆ ಕ್ಯಾರೇಜ್‌ನಲ್ಲಿ ಬರುವ ವ್ಯತ್ಯಾಸ 0.001 ಮಿಮೀಗಿಂತ ಕಡಿಮೆ. ತೊಂದರೆ ಸದ್ದು ಮತ್ತು ಸವೆತದ್ದು ಮಾತ್ರ.

ಸ್ಟಡ್: ಎಂ8 ಅಲೆನ್ ಬೋಲ್ಟ್ ಮೇಲೆ 8 ಒಳ, 12 ಹೊರವ್ಯಾಸದ ಬುಷ್. ಬುಷ್ ಗೇರ್‌ಗಳಿಗಿಂತ 0.1 ರಿಂದ 0.2 ಮಿಮೀ ಉದ್ದ ಇರಲಿ. ಬೋಲ್ಟ್ ಬುಷ್‌ನ್ನು ಪ್ಲೇಟ್‌ಗೆ ಬಿಗಿಯುತ್ತದೆ, ಗೇರ್ ಬುಷ್ ಮೇಲೆ ತಿರುಗುತ್ತದೆ. ಪ್ಲೇಟ್ ಮುಖ ಚಪ್ಪಟೆ ಇಲ್ಲದಿದ್ದರೆ ಸ್ಟಡ್ ಓರೆಯಾಗಿ ಹಲ್ಲು ಒಂದು ಅಂಚಿನಲ್ಲಿ ಮಾತ್ರ ಕಚ್ಚುತ್ತದೆ.

ಗೇರ್ ನೀವೇ ಕೊರೆಯುವುದಾದರೆ ಮಾಡ್ಯೂಲ್ 1ರ ನಾಲ್ಕು ಕಟರ್ ಸಾಕು: 25ಕ್ಕೆ ಒಂದು, 30ಕ್ಕೆ ಒಂದು, 35 ರಿಂದ 50ಕ್ಕೆ ಒಂದು, 60 ಮೇಲಿನವಕ್ಕೆ ಒಂದು. ಕಟರ್ ನಂಬರ್‌ನ ಕ್ರಮ ಎಲ್ಲ ಕಡೆ ಒಂದೇ ಅಲ್ಲ, ಅದರ ಮೇಲೆ ಬರೆದ ಹಲ್ಲಿನ ವ್ಯಾಪ್ತಿ ನೋಡಿ ಕೊಳ್ಳಿ. ಬ್ಲಾಂಕ್ ವ್ಯಾಸ ಹಲ್ಲಿಗಿಂತ 2 ಮಿಮೀ ಹೆಚ್ಚು. ಆಳ ಕಟರ್ ಮೇಲೆ ಬರೆದಿರುತ್ತದೆ, ಸಾಮಾನ್ಯವಾಗಿ 2.25. 63ರಲ್ಲಿ ಒಂದು ತೊಡಕು ಇದೆ. 40:1 ಡಿವೈಡಿಂಗ್ ಹೆಡ್‌ನ (ವೃತ್ತವನ್ನು ಸಮಭಾಗ ಮಾಡುವ ಸಾಧನ) ಮಾಮೂಲಿ ಪ್ಲೇಟ್‌ಗಳಲ್ಲಿ 63 ನೇರವಾಗಿ ಸಿಗುವುದಿಲ್ಲ. 90:1 ರೋಟರಿ ಟೇಬಲ್‌ನಲ್ಲಿ ಸುಲಭ: ಒಂದು ಸುತ್ತು, ಮೇಲೆ 21 ರಂಧ್ರದ ವೃತ್ತದಲ್ಲಿ 9 ರಂಧ್ರ.

ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿದ ಗೇರ್ ಕೂಡ ಕೈಹಿಡಿಕೆಗೆ ನಡೆಯುತ್ತದೆ. ಪಿಎಲ್‌ಎ ಬೇಡ, ಬಿಗಿದಿಟ್ಟಲ್ಲಿ ನಿಧಾನವಾಗಿ ಕುಗ್ಗುತ್ತದೆ. ಪಿಇಟಿಜಿ ಅಥವಾ ನೈಲಾನ್, ಒಳಗೆಲ್ಲ ತುಂಬಿದ್ದು. 25 ಹಲ್ಲಿನದು ಮಾತ್ರ ಲೋಹದ್ದೇ ಇರಲಿ, ಪಿನ್ ರಂಧ್ರದ ಎರಡೂ ಬದಿಗೆ ಉಳಿಯುವುದು ಒಂದು ಮಿಮೀ ಚಿಲ್ಲರೆ.

ಸ್ಟೆಪ್ಪರ್_ಎನ್‌ಕೋಡರ್

ಇಷ್ಟೆಲ್ಲ ಗೇರ್ ಯಾಕೆ ಅನ್ನುವವರಿಗೆ ಇನ್ನೊಂದು ದಾರಿ. ಸ್ಪಿಂಡಲ್‌ಗೆ ಎನ್‌ಕೋಡರ್ (ಎಷ್ಟು ತಿರುಗಿತೆಂದು ಎಣಿಸುವ ಸೆನ್ಸರ್), ಲೀಡ್ ಸ್ಕ್ರೂಗೆ ಸ್ಟೆಪ್ಪರ್ ಮೋಟಾರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್). 1024 ಗೆರೆಯ ಎನ್‌ಕೋಡರ್ ಸುತ್ತಿಗೆ 4096 ಎಣಿಕೆ ಕೊಡುತ್ತದೆ. ಸ್ಟೆಪ್ಪರ್ ಸುತ್ತಿಗೆ 1600 ಮೈಕ್ರೋಸ್ಟೆಪ್ ಇಟ್ಟುಕೊಂಡು 1:1 ಬೆಲ್ಟ್ ಹಾಕಿದರೆ 1.5 ಪಿಚ್‌ಗೆ ಸ್ಪಿಂಡಲ್‌ನ ಒಂದು ಸುತ್ತಿಗೆ 1200 ಸ್ಟೆಪ್, 20 ಟಿಪಿಐಗೆ ಸರಿಯಾಗಿ 1016. 63ರ ಅಂದಾಜೂ ಬೇಡ. ಎಡ ಥ್ರೆಡ್‌ಗೆ ದಿಕ್ಕಿನ ಚಿಹ್ನೆ ಬದಲಿಸಿದರಾಯಿತು.

ಪ್ರೋಗ್ರಾಂನಲ್ಲಿ ದಶಾಂಶ ಗುಣಿಸುತ್ತಾ ಹೋಗಬೇಡಿ. ಪ್ರತಿ ಎಣಿಕೆಗೂ 1016 ಕೂಡಿಸಿ, ಮೊತ್ತ 4096 ದಾಟಿದಾಗ ಒಂದು ಸ್ಟೆಪ್ ಕೊಟ್ಟು 4096 ಕಳೆಯಿರಿ. ಶೇಷ ಎಂದೂ ಕಳೆದುಹೋಗುವುದಿಲ್ಲ, ಎಷ್ಟು ಸಲ ಹಿಂದೆಮುಂದೆ ಹೋದರೂ ಗಾಡಿ ತಪ್ಪದು. ಎನ್‌ಕೋಡರ್‌ಗೆ ಹಲ್ಲಿನ ಬೆಲ್ಟ್ ಇರಲಿ, ನಯವಾದ ಬೆಲ್ಟ್ ಸ್ವಲ್ಪ ಜಾರಿದರೂ ಥ್ರೆಡ್ ಹೋಯಿತು. ಲೇತ್‌ನ ಮೋಟಾರ್ ಕಂಟ್ರೋಲರ್‌ನಿಂದ ಬರುವ ವಿದ್ಯುತ್ ಗದ್ದಲ ಎನ್‌ಕೋಡರ್ ತಂತಿಗೆ ಸುಳ್ಳು ಎಣಿಕೆ ತುಂಬುತ್ತದೆ. ಲೈನ್ ಡ್ರೈವರ್ ಇರುವ ಎನ್‌ಕೋಡರ್, ಶೀಲ್ಡ್ ಇರುವ ಕೇಬಲ್ ಹಾಕಿ.

ಇದರ ದೊಡ್ಡ ದೋಷ ಒಂದೇ. ಭಾರ ಹೆಚ್ಚಾಗಿ ಸ್ಟೆಪ್ ತಪ್ಪಿದರೆ ಸ್ಟೆಪ್ಪರ್ ಯಾರಿಗೂ ಹೇಳುವುದಿಲ್ಲ. ಮುಂದಿನ ಕಟ್‌ನಲ್ಲಿ ಟೂಲ್ ಗಾಡಿಯ ಪಕ್ಕ ಇಳಿದ ಮೇಲೆಯೇ ಗೊತ್ತಾಗುವುದು. ನಿಮ್ಮ ಪಟ್ಟಿಯ ನಾಲ್ಕೈದು ಪಿಚ್‌ಗೆ ಗೇರ್ ಮತ್ತು ಹಿಡಿಕೆಯೇ ಸಾಕು. ಪಿಚ್ ಪದೇ ಪದೇ ಬದಲಿಸುವವರಿಗೆ, ಗೇರ್ ಬದಲಿಸಲು ಬೇಸರ ಇರುವವರಿಗೆ ಇದು ಸರಿ.

ಪುಟ್ಟಲೇತ್

ಎಲ್ಲರಿಗೂ ಧನ್ಯವಾದ. ಪ್ಲಗ್, ಬ್ಯಾಂಜೊ, ಹಿಡಿಕೆ ಕೂತಿವೆ. 45/60, ಐಡ್ಲರ್ 25 ಮತ್ತು 35 ಹಾಕಿ ಎಂಎಸ್ ರಾಡ್‌ನಲ್ಲಿ ಎಂ12×1.5 ಪರೀಕ್ಷಿಸಿದಾಗ ಕಂಡದ್ದು:

ಸ್ಪಿಂಡಲ್ 10 ಸುತ್ತು ತಿರುಗಿಸಿದರೆ ಕ್ಯಾರೇಜ್ 15ರ ಬದಲು 14.7 ಮಿಮೀ ಹೋಗುತ್ತಿದೆ. ಥ್ರೆಡ್‌ನ ಎಡಮೈ ನಯವಾಗಿದೆ, ಬಲಮೈ ಕಿತ್ತುಬಂದಂತಿದೆ. ಕಾಂಪೌಂಡ್ ಸ್ಲೈಡ್ (ಕ್ರಾಸ್ ಸ್ಲೈಡ್ ಮೇಲೆ ಕೂತ, ಓರೆ ತಿರುಗಿಸಬಹುದಾದ ಸ್ಲೈಡ್) 29.5 ಡಿಗ್ರಿಗೆ ಓರೆ ಇಟ್ಟು ಅದರಲ್ಲೇ ಒಟ್ಟು 0.92 ಮಿಮೀ ಇಳಿಸಿದ್ದೇನೆ. ನಟ್ ಒಂದು ಸುತ್ತು ಹಿಡಿದು ನಿಲ್ಲುತ್ತದೆ. ಟೂಲ್ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್), 60 ಡಿಗ್ರಿ, ತುದಿ ಚೂಪು.

ಪಿಚ್‌ಗೇಜ್

ಒಂದೊಂದಾಗಿ ನೋಡೋಣ.

14.7: ಇದೇ ಅಳತೆಯನ್ನು 20 ಸುತ್ತಿಗೆ ಮಾಡಿ. 29.7 ಬಂದರೆ ಕಳೆದುಹೋಗುತ್ತಿರುವುದು ಪ್ರತಿ ಸಲ ಅದೇ 0.3, ಅದು ನಟ್ ಮತ್ತು ಗೇರ್‌ಗಳ ಆಟ (ಸಡಿಲ), ಥ್ರೆಡ್‌ಗೆ ಅದರಿಂದ ತೊಂದರೆ ಇಲ್ಲ. 29.4 ಬಂದರೆ ಅನುಪಾತವೇ ತಪ್ಪು. ಆಟವನ್ನು ಮೊದಲೇ ತೆಗೆಯಲು ಹಿಡಿಕೆಯನ್ನು ಒಂದು ಸುತ್ತು ಮುಂದಕ್ಕೆ ತಿರುಗಿಸಿ, ಆಮೇಲೆ ಸೊನ್ನೆ ಗುರುತು ಹಾಕಿ ಎಣಿಸಲು ಶುರು ಮಾಡಬೇಕು. ಹತ್ತು ಸುತ್ತಿಗೆ 14.29ರ ಹತ್ತಿರ ಬಂದಿದ್ದರೆ ನಾನು ನೇರವಾಗಿ ಗೇರ್ ನೋಡಿ ಅನ್ನುತ್ತಿದ್ದೆ: ಅದು 60ರ ಜಾಗದಲ್ಲಿ 63 ಕೂತಾಗ ಬರುವ ಸಂಖ್ಯೆ. ಎರಡೂ ಕಣ್ಣಿಗೆ ಒಂದೇ ತರಹ ಕಾಣುತ್ತವೆ, ಹೊರವ್ಯಾಸ 62 ಮತ್ತು 65. ಪ್ರತಿ ಗೇರ್ ಮೇಲೂ ಹಲ್ಲಿನ ಸಂಖ್ಯೆ ಪಂಚ್ ಮಾಡಿಡಿ.

ಬಲಮೈ ಕಿತ್ತಿರುವುದು: ಕಾಂಪೌಂಡ್ ಓರೆ ಇಟ್ಟ ಬದಿ ತಪ್ಪಿದೆ. ಒಳಗೆ ಇಳಿಸಿದಂತೆ ಟೂಲ್ ಹೆಡ್‌ಸ್ಟಾಕ್ ಕಡೆಗೆ ಸರಿಯಬೇಕು. ಆಗ ಎಡ ಅಂಚು ಕತ್ತರಿಸುತ್ತದೆ, ಕಟ್‌ನ ಒತ್ತಡ ಟೂಲನ್ನು ಬಲಕ್ಕೆ ತಳ್ಳುತ್ತದೆ, ನಟ್ ಲೀಡ್ ಸ್ಕ್ರೂವಿನ ತಳ್ಳುವ ಮುಖಕ್ಕೆ ಒತ್ತಿಕೊಂಡೇ ಇರುತ್ತದೆ. ಉಲ್ಟಾ ಇಟ್ಟರೆ ಬಲ ಅಂಚು ಕತ್ತರಿಸಿ, ಒತ್ತಡ ಟೂಲನ್ನು ಓಡುವ ದಿಕ್ಕಿಗೇ ಎಳೆಯುತ್ತದೆ. ಆ 0.3 ಮಿಮೀ ಆಟದೊಳಗೆ ಕ್ಯಾರೇಜ್ ಮುಂದಕ್ಕೆ ಹಾರಿ ಹಾರಿ ಕಚ್ಚುತ್ತದೆ. ನಿಮ್ಮ ಬಲಮೈಯ ಗಾಯ ಅದೇ. ಇನ್ನೊಂದು, ಆ 29.5 ಎಂಬುದು ಕ್ರಾಸ್ ಸ್ಲೈಡ್‌ನ ದಿಕ್ಕಿನಿಂದ ಅಳೆಯಬೇಕಾದ ಕೋನ. ಕೆಲವು ಲೇತ್‌ನ ಡಿಗ್ರಿ ಪಟ್ಟಿ ಬೆಡ್‌ನ ದಿಕ್ಕಿನಿಂದ ಶುರುವಾಗುತ್ತದೆ, ಅಲ್ಲಿ 60.5 ಓದಬೇಕು.

ನಟ್ ಹೋಗದಿರುವುದು: ಆಳ ಸಾಲದು, ಎರಡು ಕಾರಣಕ್ಕೆ. 0.92 ಎಂಬುದು ಪಿಚ್‌ನ 0.613 ಪಾಲು, ಅಂದರೆ ನೇರ ಒಳಗಿನ ಆಳ. ಓರೆ ಸ್ಲೈಡ್‌ನಲ್ಲಿ 0.92 ಇಳಿಸಿದರೆ ನಿಜವಾಗಿ ಹೋಗುವುದು 0.80. ಓರೆಯಲ್ಲಿ 1.06 ಇಳಿಸಬೇಕಿತ್ತು. ಎರಡನೆಯದಾಗಿ, ಆ 0.613 ಲೆಕ್ಕ ತುದಿಗೆ ಸುಮಾರು 0.2 ಮಿಮೀ ರೇಡಿಯಸ್ ಇರುವ ಟೂಲ್‌ಗೆ. ಚೂಪು ತುದಿಯ ಟೂಲ್ ಅದೇ ಆಳದಲ್ಲಿ ಕಿರಿದಾದ ಗಾಡಿ ಮಾಡುತ್ತದೆ. ಅದರಲ್ಲಿ ಮೈಗಳು ಸರಿ ಬರಲು ನೇರ ಆಳ 1.13, ಓರೆಯಲ್ಲಿ 1.30 ಬೇಕು. ಅಷ್ಟು ಆಳದ ಚೂಪು ಗಾಡಿ ರಾಡನ್ನು ದುರ್ಬಲ ಮಾಡುತ್ತದೆ, ತುದಿಯೂ ಬೇಗ ಮುರಿಯುತ್ತದೆ. ಎಣ್ಣೆಕಲ್ಲಿನ ಮೇಲೆ ನಾಲ್ಕು ಸಲ ಸವರಿ ತುದಿ ದುಂಡು ಮಾಡಿ.

ಟೂಲ್ ಅರೆಯುವಾಗ ಎಡಬದಿಯ ಕ್ಲಿಯರೆನ್ಸ್ ನೋಡಿ. ಎಂ12×1.5ರಲ್ಲಿ ಥ್ರೆಡ್ ಓರೆ ಸುಮಾರು 2.5 ಡಿಗ್ರಿ. ಎಡಬದಿಗೆ ಮಾಮೂಲಿಗಿಂತ ಅಷ್ಟು ಹೆಚ್ಚು ಕೊಡದಿದ್ದರೆ ಅಂಚಿನ ಕೆಳಭಾಗ ಉಜ್ಜುತ್ತದೆ. ಮೇಲ್ಮುಖ ಚಪ್ಪಟೆ ಇರಲಿ, ರೇಕ್ (ಮೇಲ್ಮುಖದ ಇಳಿಜಾರು) ಕೊಟ್ಟರೆ 60 ಡಿಗ್ರಿ ಬದಲಾಗುತ್ತದೆ. ಸೆಂಟರ್ ಎತ್ತರ ಕರಾರುವಾಕ್ಕಾಗಿರಲಿ. ಫಿಶ್‌ಟೇಲ್ ಗೇಜ್ (60 ಡಿಗ್ರಿ ಕೋನ ನೋಡುವ ತಗಡು) ಇಟ್ಟು ಹಿಂದೆ ಬಿಳಿ ಕಾಗದ ಹಿಡಿದು ಬೆಳಕು ಎರಡೂ ಬದಿ ಸಮ ಬರುತ್ತಿದೆಯೇ ನೋಡಿ.

ಕಟ್ ಮಾಡುವ ಕ್ರಮ: ರಾಡ್ 11.85ಕ್ಕೆ ಟರ್ನ್ ಮಾಡಿ, ತುದಿಗೆ ಚೇಂಫರ್, ಒಳತುದಿಯಲ್ಲಿ 4 ಮಿಮೀ ಅಗಲ, 1 ಮಿಮೀ ಆಳದ ಗಾಡಿ. ಮೊದಲ ಸಲ ಗೀರು ಮಾತ್ರ, ಪಿಚ್ ಗೇಜ್ ಹಿಡಿದು ನೋಡಿ. ಆಮೇಲೆ 0.2, 0.15, ಮುಂದೆ 0.1, ಕೊನೆಗೆ 0.05. ಕೊನೆಯ ಎರಡು ಸಲ ಏನೂ ಇಳಿಸದೆ ಓಡಿಸಿ. ಪ್ರತಿ ಕಟ್ ಕೊನೆಗೆ ಕ್ರಾಸ್ ಸ್ಲೈಡ್ ಹಿಂದೆಗೆಯದೆ ಹಿಡಿಕೆ ಉಲ್ಟಾ ತಿರುಗಿಸಿದರೆ ಆಟದಷ್ಟು ಜಾರಿದ ಟೂಲ್ ಥ್ರೆಡ್‌ನ ಮೈ ಗೀರುತ್ತದೆ, ತುದಿ ಹೋಗುತ್ತದೆ. ವಾಪಸ್ ಬರುವಾಗ ಜಾಬ್‌ನ ತುದಿಯಿಂದ ಕನಿಷ್ಠ ಎರಡು ಪಿಚ್ ಆಚೆ ಬಂದು, ಮುಂದಕ್ಕೆ ತಿರುಗಿಸಿ ಆಟ ತೆಗೆದ ಮೇಲೆ ಟೂಲ್ ಇಳಿಸಿ.

ನಟ್ ಪರೀಕ್ಷೆಗೆ ಮೊದಲು ಥ್ರೆಡ್ ಅಂಚಿನಲ್ಲಿ ಎದ್ದ ಚೂರು (ಬರ್) ತೆಗೆಯಿರಿ. ಬರಿ ನಟ್ ನಂಬದಿದ್ದರೆ 0.9 ಮಿಮೀ ಡ್ರಿಲ್‌ಗಳ ಹಿಂಬದಿಯನ್ನು ಮೈಕ್ರೋಮೀಟರ್‌ನಲ್ಲಿ ಅಳೆದು, ಮೂರನ್ನು ಗಾಡಿಯಲ್ಲಿಟ್ಟು ಮೇಲಿಂದ ಅಳೆಯಿರಿ. ಎಂ12×1.5ಕ್ಕೆ 12.3 ಆಸುಪಾಸು ಬಂದರೆ ನಟ್ ಸಲೀಸಾಗಿ ಹೋಗುತ್ತದೆ. ತೆಳುವಾದ ನಟ್ ಸಡಿಲವಾಗಿ ಹೋಗಿ ಉದ್ದನೆಯ ನಟ್ ಮಾತ್ರ ಬಿಗಿದರೆ ಆಗ ಪಿಚ್ ತಪ್ಪು ಎಂದು ಗುಮಾನಿ ಪಡಿ.

ಹಲ್ಲುಲೆಕ್ಕ

ಕಾಲಿಂಚಿನ ಬಗ್ಗೆ ಒಂದು ಮಾತು. 6.35 ಮಿಮೀ ರಾಡ್ ಚಕ್‌ನಿಂದ 20 ಮಿಮೀಗಿಂತ ಹೊರಗೆ ಚಾಚಿದರೆ ಟೂಲ್ ಒತ್ತಿದಾಗ ಬಾಗುತ್ತದೆ, ತುದಿ ಕಡೆ ಥ್ರೆಡ್ ದಪ್ಪ ಉಳಿಯುತ್ತದೆ. ಟೇಲ್‌ಸ್ಟಾಕ್ ಸೆಂಟರ್ ಕೊಡಿ. ನೇರ ಆಳ 0.78. ಅದರಲ್ಲಿ 0.6ರವರೆಗೆ ಟೂಲ್‌ನಿಂದ ಹಾಕಿ, ಉಳಿದದ್ದನ್ನು ಟೇಲ್‌ಸ್ಟಾಕ್‌ನ ಡೈ ಹೋಲ್ಡರ್‌ನಿಂದ ಮುಗಿಸಿ. ಟೂಲ್ ದಾರಿ ಹಾಕಿಕೊಟ್ಟ ಮೇಲೆ ಡೈ ಓರೆ ಹೋಗುವುದಿಲ್ಲ. ಎಂ20×1ಕ್ಕೆ ಈ ಗೋಜಲಿಲ್ಲ, ಆಳ 0.61, ಪೂರ್ತಿ ಟೂಲ್‌ನಲ್ಲೇ ಆಗುತ್ತದೆ, ಓರೆ ಇಳಿಸುವ ಅಗತ್ಯವೂ ಇಲ್ಲ, ನೇರ ಇಳಿಸಿ.

ಗೇರ್‌ಗಳ ಮೇಲೆ ತಗಡಿನ ಮುಚ್ಚಳ ಹಾಕಿ. ಕೈಯಲ್ಲಿ ತಿರುಗಿಸುವುದಾದರೂ ಎಡಗೈ ಬೆರಳು ಹಲ್ಲಿಗೆ ಸಿಗುವುದು ಸುಲಭ, ಜೊತೆಗೆ ಲೋಹದ ಚೂರು ಒಂದು ಹಲ್ಲಿನ ನಡುವೆ ಬಿದ್ದರೂ ಆ ಕಟ್‌ನಲ್ಲಿ ಗೇರ್ ಹಾರಿ ಗಾಡಿ ತಪ್ಪುತ್ತದೆ. ಉಕ್ಕಿನ ಗೇರ್‌ಗೆ ಗ್ರೀಸ್ ತೆಳುವಾಗಿ, ಪ್ಲಾಸ್ಟಿಕ್‌ಗೆ ಒಣಗಿದ್ದರೂ ಆಗುತ್ತದೆ.